ಇಂಗ್ಲಿಷ್ ಕಲಿಕೆಗೆ ಯಾವ ಮಂಡಳಿ? ಪ್ರೌಢಶಾಲೆಗೆ ಸೇರಿಸುವ ಮುನ್ನ

ಶಾಲೆಗಳು ಪುನಾರಂಭವಾಗುವ ದಿನಗಳು ಸಮೀಪಿಸಿದಂತೆ, ಶ್ರೀಮಠಕ್ಕೆ ದರ್ಶನಕ್ಕೆಂದು ಬರುವ ಸದ್ಭಕ್ತರು ಪೂಜ್ಯರಲ್ಲಿ ನಿವೇದಿಸಿಕೊಳ್ಳುವ ಮಾತುಗಳಲ್ಲಿ ಮಕ್ಕಳ ವಿದ್ಯಾಭ್ಯಾಸದ ವಿಚಾರವೇ ಮುಖ್ಯವಾಗಿರುತ್ತದೆ. "ಮಗನಿಗೆ ಇಂಗ್ಲಿಷ್ ಚೆನ್ನಾಗಿ ಬರಬೇಕು ಬುದ್ಧಿ, ಸಿಬಿಎಸ್‌ಇ ಶಾಲೆಗೆ ಸೇರಿಸಲೇ?" ಎಂದು ಕೇಳುವವರು ಬಹಳ. ಮಠದ ಪ್ರೌಢಶಾಲೆಗಳನ್ನೇ ಕೇಂದ್ರ ಪಠ್ಯಕ್ರಮಕ್ಕೆ ಬದಲಾಯಿಸಿರೆಂದು ಮನವಿ ಸಲ್ಲಿಸುವವರೂ ಇದ್ದಾರೆ. ಈ ಹಂಬಲದಲ್ಲಿ ತಪ್ಪಿಲ್ಲ. ಆದರೆ ಇಂಗ್ಲಿಷ್ ಎಂಬ ಒಂದು ವಿಷಯಕ್ಕಾಗಿ ಪರೀಕ್ಷಾ ಮಂಡಳಿಯನ್ನು ಆರಿಸುವಾಗ, ಅದರೊಡನೆ ಬೇರೆ ಏನೇನು ಬದಲಾಗುತ್ತದೆ ಎಂಬುದನ್ನು ಅರಿತು ಮುಂದುವರಿಯುವುದು ಒಳಿತು.

ಮೊದಲಿಗೆ, ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಯುವುದು ಬೇರೆ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿ ಕಲಿಯುವುದು ಬೇರೆ. ನಮ್ಮ ಜನರ ಮಾತಿನಲ್ಲಿ ಇವೆರಡೂ ಒಂದೇ ಆಗಿಬಿಟ್ಟಿವೆ. ರಾಜ್ಯ ಮಂಡಳಿಯಲ್ಲಿ ಇವನ್ನು ಬೇರ್ಪಡಿಸಿ ಆರಿಸಿಕೊಳ್ಳಲು ಅವಕಾಶವಿದೆ. ಉಳಿದೆರಡು ಮಂಡಳಿಗಳಲ್ಲಿ ನಮ್ಮ ಮಕ್ಕಳ ಪಾಲಿಗೆ ಆ ಅವಕಾಶವಿಲ್ಲ.

ಎಸ್‌ಎಸ್‌ಎಲ್‌ಸಿಯ ಒಟ್ಟು ಅಂಕಗಳು 625. ಇದರಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಪ್ರಥಮ ಭಾಷೆಯಲ್ಲಿ 100 ಅಂಕಗಳ ಲಿಖಿತ ಪರೀಕ್ಷೆ ಮತ್ತು 25 ಆಂತರಿಕ ಅಂಕ. ಉಳಿದವುಗಳಲ್ಲಿ 80 ಮತ್ತು 20. ಕನ್ನಡ ಮಾಧ್ಯಮದ ವಿದ್ಯಾರ್ಥಿ ಸಾಮಾನ್ಯವಾಗಿ ಕನ್ನಡವನ್ನು ಪ್ರಥಮ ಭಾಷೆಯಾಗಿ, ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಓದುತ್ತಾನೆ. ಇಂಗ್ಲಿಷಿನಲ್ಲಿ ಹೆಚ್ಚಿನ ಆಸಕ್ತಿಯುಳ್ಳವನು ಅದನ್ನೇ ಪ್ರಥಮ ಭಾಷೆಯಾಗಿಯೂ ಓದಬಹುದು. ಆಗ ಪಠ್ಯವೂ ಬೇರೆ, ಮಟ್ಟವೂ ಮೇಲಿನದು. ಮಂಡಳಿಯನ್ನು ಬದಲಿಸದೆಯೇ ಇಂಗ್ಲಿಷಿನ ಕಲಿಕೆಯನ್ನು ಬಲಪಡಿಸುವ ಈ ದಾರಿಯ ಬಗ್ಗೆ ಅನೇಕ ಪಾಲಕರು ಕೇಳಿಯೇ ಇಲ್ಲ. ಶಾಲೆಯವರೂ ಹೇಳುವುದು ಕಡಿಮೆ. ಹಾಗೆ ಆರಿಸಿಕೊಂಡರೆ ಕನ್ನಡವು ಬಿಟ್ಟುಹೋಗುವುದೆಂಬ ಆತಂಕ ಬೇಡ. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮವು ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂದು ವಿಧಿಸಿದೆ.

ಸಿಬಿಎಸ್‌ಇ ಹತ್ತನೆಯ ತರಗತಿಯ ಇಂಗ್ಲಿಷಿಗೆ 80 ಅಂಕಗಳ ಲಿಖಿತ ಪರೀಕ್ಷೆ, 20 ಆಂತರಿಕ ಅಂಕ. ಲಿಖಿತ ಪರೀಕ್ಷೆಯಲ್ಲಿ ಪಠ್ಯದಲ್ಲಿಲ್ಲದ ಗದ್ಯಭಾಗಗಳನ್ನು ಓದಿ ಉತ್ತರಿಸುವುದಕ್ಕೆ 20, ವ್ಯಾಕರಣ ಮತ್ತು ಬರವಣಿಗೆಗೆ 20, ಸಾಹಿತ್ಯಕ್ಕೆ 40. ಆಲಿಸುವ ಮತ್ತು ಮಾತನಾಡುವ ಸಾಮರ್ಥ್ಯವನ್ನು ಆಂತರಿಕ ಮೌಲ್ಯಮಾಪನದಲ್ಲಿ ಪರಿಗಣಿಸುತ್ತಾರೆ. ಐಸಿಎಸ್‌ಇಯಲ್ಲಿ ಇಂಗ್ಲಿಷಿಗೆ ಎರಡು ಪತ್ರಿಕೆಗಳು: ಒಂದು ಭಾಷೆಗೆ, ಇನ್ನೊಂದು ಸಾಹಿತ್ಯಕ್ಕೆ. ಷೇಕ್ಸ್‌ಪಿಯರನ ನಾಟಕವನ್ನು ಮೂಲದಲ್ಲಿಯೇ ಓದಬೇಕಾಗುತ್ತದೆ. ಮುನ್ನೂರಕ್ಕೂ ಹೆಚ್ಚು ಪದಗಳ ಸ್ವತಂತ್ರ ಪ್ರಬಂಧವನ್ನು ಬರೆಯಬೇಕಾಗುತ್ತದೆ. ಇಂಗ್ಲಿಷಿನ ಮಟ್ಟವೊಂದನ್ನೇ ಅಳೆಯುವುದಾದರೆ ಈ ಮೂರರಲ್ಲಿ ಐಸಿಎಸ್‌ಇಯದೇ ಮೇಲು ಎನ್ನಲು ನಮಗೆ ಸಂಕೋಚವಿಲ್ಲ.

ರಾಜ್ಯ ಮಂಡಳಿಯ ಕೊರತೆಯನ್ನೂ ಮುಚ್ಚಿಡಬೇಕಾಗಿಲ್ಲ. ದ್ವಿತೀಯ ಭಾಷೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಪಠ್ಯದ ಪಾಠ ಮತ್ತು ಪದ್ಯಗಳಿಂದ ಬರುವ ಪ್ರಶ್ನೆಗಳೇ ಹೆಚ್ಚು. ಪದ್ಯದ ಸಾಲುಗಳನ್ನು ಕಂಠಪಾಠದಿಂದ ಬರೆಯುವುದಕ್ಕೂ ಅಂಕವಿದೆ. ಗೈಡಿನ ಉತ್ತರಗಳನ್ನೂ ಎರಡು ಪತ್ರಗಳ ಮಾದರಿಯನ್ನೂ ಬಾಯಿಪಾಠ ಮಾಡಿದ ವಿದ್ಯಾರ್ಥಿ ಒಳ್ಳೆಯ ಅಂಕ ಪಡೆದು, ಪದವಿಪೂರ್ವ ಕಾಲೇಜಿನ ಮೊದಲ ದಿನ ಒಂದು ವಾಕ್ಯವನ್ನೂ ಆಡಲಾರದೆ ನಿಲ್ಲುವುದುಂಟು. ಇದಕ್ಕೆ ಮದ್ದು ಶಾಲೆಯ ಒಳಗೇ ಇದೆ: ದಿನಕ್ಕೊಂದು ಅವಧಿ ಗೈಡಿಲ್ಲದೆ ಓದಿಸುವುದು, ವಾರಕ್ಕೊಮ್ಮೆ ಮಕ್ಕಳಿಂದ ಮಾತನಾಡಿಸುವುದು, ಅವರೇ ಬರೆದದ್ದನ್ನು ತಿದ್ದಿ ಮರಳಿ ಬರೆಸುವುದು. ಇದನ್ನು ಮಾಡುವ ಶಿಕ್ಷಕರಿದ್ದರೆ ರಾಜ್ಯ ಪಠ್ಯವೇ ಸಾಕು. ಇಲ್ಲವಾದರೆ ಕೇಂದ್ರ ಪಠ್ಯಕ್ಕೂ ಗೈಡುಗಳು ಅಂಗಡಿಯಲ್ಲಿ ಸಿಗುತ್ತವೆ.

ಇನ್ನು ಪ್ರಸಾದ ನಿಲಯದ ಮಕ್ಕಳ ವಿಚಾರ. ನಮ್ಮ ಮಠಗಳ ಉಚಿತ ನಿಲಯಗಳಿಗೆ ಬಹುಪಾಲು ಮಕ್ಕಳು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಎಂಟಕ್ಕೆ ಬಂದು ಸೇರುತ್ತಾರೆ. ರಾಜ್ಯ ಮಂಡಳಿಯ ಶಾಲೆಯಲ್ಲಿ ಆ ಮಗು ವಿಜ್ಞಾನವನ್ನು ತನಗೆ ತಿಳಿಯುವ ಭಾಷೆಯಲ್ಲಿ ಓದುತ್ತಲೇ ಇಂಗ್ಲಿಷನ್ನು ಒಂದೊಂದೇ ಮೆಟ್ಟಿಲೇರಿ ಕಲಿಯಬಹುದು. ಸಿಬಿಎಸ್‌ಇಯಲ್ಲಿ ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಬರುತ್ತವೆ. ಐಸಿಎಸ್‌ಇಯ ಬೋಧನಾ ಮಾಧ್ಯಮವೇ ಇಂಗ್ಲಿಷ್. ಒಂಬತ್ತನೆಯ ತರಗತಿಯಲ್ಲಿಯೇ ಮಂಡಳಿಯಲ್ಲಿ ನೋಂದಣಿಯಾಗುವುದರಿಂದ ಎಂಟನೆಯ ತರಗತಿಯ ಒಂದೇ ವರ್ಷದಲ್ಲಿ ಮಗು ಭಾಷೆಯನ್ನೂ, ಎಲ್ಲ ವಿಷಯಗಳ ಪರಿಭಾಷೆಯನ್ನೂ ಹಿಡಿಯಬೇಕು. ಕೆಲವರು ಹಿಡಿಯುತ್ತಾರೆ. ಉಳಿದವರು ಇಂಗ್ಲಿಷಿನೊಡನೆ ಗಣಿತವನ್ನೂ ಕಳೆದುಕೊಳ್ಳುತ್ತಾರೆ. ಮಠದ ಪ್ರೌಢಶಾಲೆಯೊಂದು ಮಂಡಳಿಯನ್ನು ಬದಲಿಸಿದರೆ ಅದರ ಬಾಗಿಲು ಮೊದಲು ಮುಚ್ಚುವುದು ಈ ಮಕ್ಕಳಿಗೇ. ಆಗ ನಿಲಯದಲ್ಲಿ ಅನ್ನವಿದ್ದೂ ಪಕ್ಕದ ಶಾಲೆಯಲ್ಲಿ ಅವರಿಗೆ ಜಾಗವಿರುವುದಿಲ್ಲ. ವಿದ್ಯಾದಾಸೋಹವೆಂದು ಕಟ್ಟಿದ ಸಂಸ್ಥೆಗೆ ಇದು ಸಣ್ಣ ವಿಚಾರವಲ್ಲ.

ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಸಂಗತಿ. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿದವರಿಗೆ ರಾಜ್ಯ ಸರ್ಕಾರದ ನೇಮಕಾತಿಗಳಲ್ಲಿಯೂ, ಸಿಇಟಿ ಮೂಲಕ ತುಂಬುವ ವೃತ್ತಿಪರ ಕೋರ್ಸುಗಳ ಸೀಟುಗಳಲ್ಲಿಯೂ ಶೇ. 5ರಷ್ಟು ಮೀಸಲಾತಿ ಇದೆ. ಏಳು ವರ್ಷ ಕನ್ನಡದಲ್ಲಿ ಓದಿದ ಮಗುವನ್ನು ಎಂಟರಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ ದಿನವೇ ಆ ಅವಕಾಶ ಕೈತಪ್ಪುತ್ತದೆ.

ಹಾಗೆಂದು ಎಲ್ಲರಿಗೂ ಒಂದೇ ದಾರಿಯಲ್ಲ. ಮೊದಲ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ, ತಂದೆಯ ವರ್ಗಾವಣೆಯಿಂದ ರಾಜ್ಯದಿಂದ ರಾಜ್ಯಕ್ಕೆ ಹೋಗಬೇಕಾದ ಮಗುವಿಗೆ ಸಿಬಿಎಸ್‌ಇ ಅನುಕೂಲಕರ. ಸಾಹಿತ್ಯದಲ್ಲಿ ಒಲವಿದ್ದು ಕಥೆಪುಸ್ತಕಗಳನ್ನು ತಾನಾಗಿಯೇ ಓದುವ ಮಗುವಿಗೆ ಐಸಿಎಸ್‌ಇ ಒಪ್ಪುತ್ತದೆ. ಇಂಗ್ಲಿಷ್ ಬೇಡವೆನ್ನುವ ಪರಂಪರೆಯೂ ನಮ್ಮದಲ್ಲ. ಶಿಕ್ಷಕರೇ ಕೂಡಿ 1916ರಲ್ಲಿ ಬೆಳಗಾವಿಯಲ್ಲಿ ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ಮೂಲದಲ್ಲಿದ್ದುದು ನಮ್ಮ ಮಕ್ಕಳಿಗೆ ಆಧುನಿಕ ವಿದ್ಯೆ ದೊರೆಯಬೇಕೆಂಬ ಕಾಳಜಿ. ಜನರಾಡುವ ಕನ್ನಡದಲ್ಲಿ ಮೂಡಿದ ವಚನಗಳು 1973ರಲ್ಲಿ ಎ. ಕೆ. ರಾಮಾನುಜನ್ ಅವರ ಅನುವಾದದ ಮೂಲಕ ಹೊರ ದೇಶಗಳ ಓದುಗರನ್ನು ತಲುಪಿದ್ದು ಎರಡೂ ಭಾಷೆಗಳನ್ನು ಆಳವಾಗಿ ಬಲ್ಲವರೊಬ್ಬರು ಇದ್ದುದರಿಂದಲೇ.

ಶಾಲೆಯನ್ನು ನೋಡಲು ಹೋದಾಗ ಮಂಡಳಿಯ ಫಲಕವನ್ನು ನೋಡುವುದರೊಡನೆ ಒಂಬತ್ತನೆಯ ತರಗತಿಯ ಇಬ್ಬರು ಮಕ್ಕಳ ಇಂಗ್ಲಿಷ್ ನೋಟ್‌ಪುಸ್ತಕಗಳನ್ನು ಕೇಳಿ ನೋಡಿರಿ. ಎರಡರಲ್ಲಿಯೂ ಒಂದೇ ಪ್ರಬಂಧ ಅಕ್ಷರಶಃ ಇದ್ದರೆ ಅದು ಕರಿಹಲಗೆಯಿಂದ ಇಳಿಸಿಕೊಂಡದ್ದು. ಪ್ರವೇಶದ ಅರ್ಜಿಯನ್ನು ತುಂಬುವಾಗ ಬೋಧನಾ ಮಾಧ್ಯಮ ಯಾವುದು, ಪ್ರಥಮ ಭಾಷೆ ಯಾವುದು ಎಂಬ ಎರಡನ್ನೂ ಮುಖ್ಯೋಪಾಧ್ಯಾಯರಿಂದ ಬೇರೆ ಬೇರೆಯಾಗಿ ಕೇಳಿ ತಿಳಿದು, ಮಗುವನ್ನೂ ಕೇಳಿ, ಆಮೇಲೆ ಸಹಿ ಮಾಡಿರಿ.