ಮೂರನೆಯ ತಂತಿ

ಮನೆ ಕಟ್ಟಿಸುತ್ತಿದ್ದಾಗ ಕೊಳಾಯಿಗೂ ಬಚ್ಚಲಿನ ಗೀಸರಿಗೂ ಹಣ ತೆತ್ತು ನನ್ನ ಕೈ ಬರಿದಾಗಿತ್ತು. "ಅರ್ತಿನ ತಂತಿಯಲ್ಲಿ ವಿದ್ಯುತ್ತೇ ಹರಿಯದಷ್ಟೆ, ಅದೇಕೆ?" ಎಂದೆ. ತಂತಿ ಎಳೆಯುತ್ತಿದ್ದ ಮುದುಕ ನಕ್ಕು, "ಹರಿಯುವ ದಿನ ಬಂದರೆ ಇರಲಿ ಎಂದು, ಸ್ವಾಮಿ. ಗಾರೆ ಮೆತ್ತಿದ ಮೇಲೆ ಬೇಕೆಂದರೆ ಗೋಡೆ ಒಡೆಯಬೇಕು" ಎಂದನು. ಹಿತ್ತಲಲ್ಲಿ ಗುಂಡಿ ತೋಡಿ, ಲೋಹದ ಕೊಳವೆ ನಿಲ್ಲಿಸಿ, ಸುತ್ತಲೂ ಉಪ್ಪು, ಇದ್ದಿಲು ತುಂಬಿ, ತಂತಿಯನ್ನು ಅದಕ್ಕೆ ಬಿಗಿದನು. ಒಲ್ಲದ ಮನಸ್ಸಿನಿಂದಲೇ ಹಣ ಕೊಟ್ಟೆ.

ಏಳು ವರ್ಷಗಳ ಮೇಲೆ ಒಂದು ನಸುಕಿನಲ್ಲಿ, ಮಗಳು ಸ್ನಾನಕ್ಕಿಳಿದಿದ್ದಾಗ, ದೀಪಗಳೆಲ್ಲ ಆರಿದವು. ಗೀಸರಿನ ಕಾಯುವ ಸುರುಳಿ ಬಿರಿದು ವಿದ್ಯುತ್ತು ಅದರ ಲೋಹದ ಮೈಗೆ ಹರಿದಿತ್ತು. ಮೂರನೆಯ ತಂತಿ ಅದನ್ನು ಮಣ್ಣಿಗಿಳಿಸಿತ್ತು. ೩೦ ಮಿಲಿಆಂಪಿಯರ್ ಸೋರಿಕೆಗೇ ಬೀಳುವ ಸ್ವಿಚ್ಚು ಬಿದ್ದಿತ್ತು.

"ಅಪ್ಪಾ, ಕತ್ತಲು!" ಎಂದು ಅವಳು ಕೂಗಿದಳು. ಆ ಕತ್ತಲೆಯಲ್ಲಿ ಅವಳ ದನಿ ಕೇಳಿಸಿದ್ದೇ ನನ್ನ ಭಾಗ್ಯ.