ನಿಮಗಿದು ಗೊತ್ತೇ? ದುಡ್ಡಿನ ದಾರಿ ದೇಶಕ್ಕೊಂದು

ತರಕಾರಿ ಗಾಡಿಯ ಮೇಲೂ ಕಾಣುವ ಕ್ಯೂಆರ್ ಕೋಡ್ ಹುಟ್ಟಿದ್ದು ದುಡ್ಡಿಗಾಗಿ ಅಲ್ಲ. ಕಾರಿನ ಬಿಡಿಭಾಗಗಳ ಲೆಕ್ಕ ಇಡಲು 1994ರಲ್ಲಿ ಜಪಾನಿನಲ್ಲಿ ಅದನ್ನು ರೂಪಿಸಿದರು.

ನಮ್ಮಲ್ಲಿ ಯುಪಿಐ ಬಂದದ್ದು 2016ರಲ್ಲಿ. ಕೀನ್ಯಾದಲ್ಲಿ 2007ರಿಂದಲೇ ಮೊಬೈಲಿನಲ್ಲಿ ಹಣ ಓಡಾಡುತ್ತಿದೆ! ಅಲ್ಲಿನ ಎಂ-ಪೆಸಾಗೆ ಬ್ಯಾಂಕ್ ಖಾತೆ ಬೇಡ, ಸ್ಮಾರ್ಟ್‌ಫೋನೂ ಬೇಡ. ನೈರೋಬಿಯಲ್ಲಿ ದುಡಿಯುವ ಮಗ ಬೀದಿಬದಿಯ ಏಜೆಂಟನ ಕೈಗೆ ನೋಟು ಕೊಟ್ಟು, ತನ್ನ ಬಟನ್ ಫೋನಿಗೆ ಹಣ ತುಂಬಿಸಿಕೊಂಡು, ಊರಿನ ತಾಯಿಗೆ ಕಳಿಸುತ್ತಾನೆ. ಆಕೆಗೆ ಎಸ್ಸೆಮ್ಮೆಸ್ ಬರುತ್ತದೆ. ಹತ್ತಿರದ ಅಂಗಡಿಯಲ್ಲಿ ಗುರುತಿನ ಚೀಟಿ ತೋರಿಸಿ ನಗದು ಪಡೆಯುತ್ತಾಳೆ. ಬ್ಯಾಂಕು ಕಾಣದ ಹಳ್ಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ? ಅಂದಹಾಗೆ, ಸ್ವಾಹಿಲಿಯ ‘ಪೆಸಾ’ ಬೇರೆಯಲ್ಲ, ನಮ್ಮ ‘ಪೈಸಾ’ನೇ. 1920ರವರೆಗೆ ಅಲ್ಲಿ ಚಲಾವಣೆಯಲ್ಲಿದ್ದದ್ದೂ ರೂಪಾಯಿಯೇ.

ಘಾನಾದ ಸಂತೆಗಳಲ್ಲಿ ‘ಸುಸು’ ವಸೂಲಿಗಾರ ದಿನಾ ಬಂದು ಉಳಿತಾಯದ ಹಣ ಒಯ್ಯುತ್ತಾನೆ. ತಿಂಗಳ ಕೊನೆಗೆ ಒಂದು ದಿನದ ಕಂತು ಅವನ ಕೂಲಿ, ಉಳಿದದ್ದೆಲ್ಲ ಕಟ್ಟಿದವರಿಗೆ. ನಮ್ಮ ಪಿಗ್ಮಿ ನೆನಪಾಯಿತೇ? ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಸಂಸ್ಥೆ 1928ರಲ್ಲಿ ಅದನ್ನು ಶುರುಮಾಡಿದಾಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಹೂವಿನವರ, ಹೋಟೆಲಿನವರ ಬಾಗಿಲಿಗೇ ಬ್ಯಾಂಕನ್ನು ತಂದದ್ದು ಕರಾವಳಿಯ ಹೆಮ್ಮೆ.

ಡೆನ್ಮಾರ್ಕ್, ನೆದರ್ಲೆಂಡ್ಸ್, ನ್ಯೂಜಿಲೆಂಡ್ ಚೆಕ್ಕಿಗೆ ವಿದಾಯ ಹೇಳಿವೆ. ಅಮೆರಿಕದಲ್ಲಿ ಇಂದಿಗೂ ಮನೆ ಬಾಡಿಗೆಗೆ ಚೆಕ್ ಬರೆಯುವವರಿದ್ದಾರೆ. ಅಲ್ಲಿನ ಎಷ್ಟೋ ಆನ್‌ಲೈನ್ ಅಂಗಡಿಗಳು ಕಾರ್ಡಿಗೆ ಒಟಿಪಿಯನ್ನೂ ಕೇಳುವುದಿಲ್ಲ.

ಯುರೋಪಿನಲ್ಲಿ ದೇಶ, ಬ್ಯಾಂಕು, ಖಾತೆ ಎಲ್ಲವೂ ‘ಐಬ್ಯಾನ್’ ಎಂಬ ಒಂದೇ ಸಂಖ್ಯೆಯಲ್ಲಿ ಅಡಕ. ನಾರ್ವೆಯದು 15 ಅಕ್ಷರ, ಜರ್ಮನಿಯದು 22, ಪುಟ್ಟ ಮಾಲ್ಟಾದ್ದು 31! ಭಾರತದಲ್ಲಿ ಐಬ್ಯಾನ್ ಇಲ್ಲ, ಖಾತೆ ಸಂಖ್ಯೆಯ ಜೊತೆಗೆ 11 ಅಕ್ಷರಗಳ ಐಎಫ್‌ಎಸ್‌ಸಿ ಇದೆ. ಅದರ ಐದನೆಯ ಅಕ್ಷರ ಯಾವಾಗಲೂ ಸೊನ್ನೆ. ಪಾಸ್‌ಬುಕ್ ತೆಗೆದು ನೋಡಿ. ಜರ್ಮನಿಯಲ್ಲಿರುವ ಮಗಳು ಐಬ್ಯಾನ್ ಕೇಳಿದರೆ ಗಾಬರಿಯಾಗಬೇಡಿ. ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಜೊತೆಗೆ ಬ್ಯಾಂಕಿನ ಸ್ವಿಫ್ಟ್ ಕೋಡ್ ಕೇಳಿ ಪಡೆದು ಕೊಡಿ.

ಜರ್ಮನಿಯ ಬಿಲ್ಲಿನಲ್ಲಿ 1.250 ಎಂದಿದ್ದರೆ ಅದು ಒಂದೂಕಾಲಲ್ಲ, ಸಾವಿರದ ಇನ್ನೂರೈವತ್ತು. ಅಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕಿ.

ಕೊನೆಗೆ, ನಮ್ಮ ಯುಪಿಐ ಬಗ್ಗೆ ಮನೆಯ ಹಿರಿಯರಿಗೆಲ್ಲ ಒಮ್ಮೆ ಹೇಳಿಬಿಡಿ: ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ‘ನಿಮಗೆ ದುಡ್ಡು ಬರುತ್ತದೆ, ಪಿನ್ ಒತ್ತಿ’ ಎಂದು ಯಾರೇ ಹೇಳಿದರೂ ಒತ್ತಬೇಡಿ.