ಮಹಿಷಾಸುರ ಯಾವ ಮೆಟ್ಟಿಲಲ್ಲಿದ್ದಾನೆ?

ಮೈಸೂರಿನ ಸಿದ್ಧಾರ್ಥನಗರದಲ್ಲಿ ಮನೆಯ ತಾರಸಿ ಹತ್ತಿದರೆ ಚಾಮುಂಡಿ ಬೆಟ್ಟ ಎದುರಿಗೇ. ಆದರೆ ಮಹಿಷಾಸುರನನ್ನು ನೋಡಬೇಕೆಂದರೆ ಬೆಟ್ಟಕ್ಕೇ ಹೋಗಬೇಕು. ಒಂದು ಕೈಯಲ್ಲಿ ಎತ್ತಿದ ಖಡ್ಗ, ಇನ್ನೊಂದರಲ್ಲಿ ಹೆಡೆಬಿಚ್ಚಿದ ಹಾವು, ದಪ್ಪ ಮೀಸೆ, ಮೈತುಂಬ ಬಣ್ಣ. ಅವನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಮಕ್ಕಳು, ‘ಇವನು ದೇವರಾ, ದೆವ್ವವಾ?’ ಎಂದು ಕೇಳುವುದುಂಟು. ದೊಡ್ಡವರು ಥಟ್ಟನೆ ಉತ್ತರ ಹೇಳಲಾರರು.

ಹೇಳುವುದು ಸುಲಭವೂ ಅಲ್ಲ. ಋಗ್ವೇದದ ಹಳೆಯ ಸೂಕ್ತಗಳು ವರುಣನನ್ನೇ ಅಸುರ ಎಂದು ಕೊಂಡಾಡುತ್ತವೆ. ಇರಾನಿನಲ್ಲಿ ಅದೇ ಮಾತು ‘ಅಹುರ’ ಆಗಿ ಪರಮದೇವರ ಹೆಸರಿಗೆ ಸೇರಿತು. ಅಲ್ಲಿ ಕೆಟ್ಟವರೆನಿಸಿಕೊಂಡವರು ದೇವತೆಗಳು! ನಮ್ಮಲ್ಲಿ ಅಸುರರು ಕೆಳಗಿಳಿದರು. ಹಾಗಂತ ಮನೆಬಿಟ್ಟು ಹೊರಗಾಗಲಿಲ್ಲ. ಕಶ್ಯಪನಿಗೆ ಅದಿತಿಯಲ್ಲಿ ದೇವತೆಗಳು, ದಿತಿಯಲ್ಲಿ ದೈತ್ಯರು, ದನುವಿನಲ್ಲಿ ದಾನವರು. ಜಗಳ ದಾಯಾದಿಗಳದ್ದು, ವ್ಯಾಜ್ಯ ಸ್ವರ್ಗದ ಗದ್ದುಗೆಯದ್ದು.

ಮಾರ್ಕಂಡೇಯ ಪುರಾಣದ ದೇವೀಮಾಹಾತ್ಮ್ಯದಲ್ಲಿ ಮಹಿಷ ಮಾಡಿದ್ದೂ ಅದನ್ನೇ. 100 ವರ್ಷ ಕಾದಾಡಿ, ಗೆದ್ದು, ತಾನೇ ಇಂದ್ರನಾಗುತ್ತಾನೆ; ಸೂರ್ಯ, ಅಗ್ನಿ, ವಾಯು, ಯಮರ ಅಧಿಕಾರವನ್ನೂ ತಾನೇ ನಡೆಸುತ್ತಾನೆ. ಇಂದ್ರ ಎಂಬುದು ಹುದ್ದೆ. ಬಲಿ ಚಕ್ರವರ್ತಿಗಂತೂ ಮುಂದಿನ ಸಾವರ್ಣಿ ಮನ್ವಂತರದಲ್ಲಿ ಆ ಹುದ್ದೆ ಖಾತ್ರಿ ಎನ್ನುತ್ತದೆ ಭಾಗವತ.

ಈ ಸಡಿಲ ಲೆಕ್ಕವನ್ನು ಬಿಗಿ ಮಾಡಿದ್ದು ಮಧ್ವಾಚಾರ್ಯರ ತಾರತಮ್ಯ ಸಿದ್ಧಾಂತ. ಕೆಲವು ಜೀವರು ಮುಕ್ತಿಗೆ, ಕೆಲವರು ಸಂಸಾರದಲ್ಲೇ ಸುತ್ತುವುದಕ್ಕೆ, ಕೆಲವರು ಅಂಧತಮಸ್ಸಿಗೆ, ಎಲ್ಲವೂ ಸ್ವಭಾವದಿಂದಲೇ. ಅದನ್ನು ಕನ್ನಡದ ಭಾಮಿನಿ ಷಟ್ಪದಿಗೆ ತಂದವರು ಮಾನ್ವಿಯ ಜಗನ್ನಾಥದಾಸರು (1728–1809). ಹರಿಕಥಾಮೃತಸಾರದಲ್ಲಿ ದೇವತೆಗಳ ತಾರತಮ್ಯಕ್ಕೊಂದು ಸಂಧಿಯಿದ್ದರೆ ದೈತ್ಯರ ತಾರತಮ್ಯಕ್ಕೇ ಇನ್ನೊಂದು. ಯಾವ ದೈತ್ಯ ಯಾರಿಗಿಂತ ಎಷ್ಟು ಕೀಳು ಎಂಬ ಲೆಕ್ಕ ಅಲ್ಲಿದೆ. ಎಲ್ಲರಿಗಿಂತ ತಳದಲ್ಲಿ ಕಲಿ. ಜಿಲ್ಲಾಧಿಕಾರಿ ಕಚೇರಿಯಿರುವ ನಮ್ಮ ಬಡಾವಣೆಯಲ್ಲಿ ಕುಳಿತು ಓದಿದರೆ ಜ್ಯೇಷ್ಠತಾ ಪಟ್ಟಿಯ ನೆನಪಾಗದೆ ಇರದು. ಪಾಪಕ್ಕೂ ಇಷ್ಟು ಕಟ್ಟುನಿಟ್ಟಿನ ಶ್ರೇಣಿ ಇರುವುದು ನನಗಂತೂ ಬೆರಗು.

ಆಟದ ಬಯಲಿನಲ್ಲಿ ಈ ಪಟ್ಟಿ ನಡೆಯುವುದಿಲ್ಲ. ಕರಾವಳಿಯ ‘ದೇವಿಮಹಾತ್ಮೆ’ ಯಕ್ಷಗಾನದಲ್ಲಿ ಮಹಿಷ ಬಣ್ಣದ ಮನೆಯಾದ ಚೌಕಿಯಿಂದ ನೇರವಾಗಿ ರಂಗಕ್ಕೆ ಬರುವವನಲ್ಲ. ಮುಖದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿ, ತಲೆಯ ಮೇಲೆ ಕೋಡು, ಸುತ್ತ ದೀವಟಿಗೆ; ಜನರ ನಡುವಿನಿಂದ ಅಬ್ಬರಿಸುತ್ತ ಬರುತ್ತಾನೆ. ನಿದ್ದೆಹೋದ ಮಕ್ಕಳನ್ನು ಎಬ್ಬಿಸಿ ತೋರಿಸುವುದು ಅವನನ್ನೇ.

ಮೈಸೂರಿನಲ್ಲಿ ಇನ್ನೊಂದು ವಾದವೂ ಇದೆ. ಅಶೋಕನ ಕಾಲದಲ್ಲಿ ಮಹಾದೇವನೆಂಬ ಭಿಕ್ಷುವನ್ನು ಮಹಿಷಮಂಡಲಕ್ಕೆ ಕಳುಹಿಸಲಾಯಿತು ಎನ್ನುತ್ತದೆ ಸಿಂಹಳದ ‘ಮಹಾವಂಸ’. ಅದು ಈ ಸೀಮೆಯೇ, ಮಹಿಷ ಇಲ್ಲಿನ ಬೌದ್ಧ ಅರಸ ಎನ್ನುವವರು ಮಹಿಷ ದಸರಾ ಆಚರಿಸುತ್ತಾರೆ. ಬುದ್ಧನ ಹೆಸರು ಹೊತ್ತ ಬಡಾವಣೆಗೆ ಇದು ರುಚಿಸುವ ಮಾತೇ. ಆದರೆ ಆ ಮಂಡಲ ಯಾವುದೆಂಬ ಬಗ್ಗೆ ವಿದ್ವಾಂಸರಲ್ಲೇ ಒಮ್ಮತವಿಲ್ಲ.

ಬೆಟ್ಟದ ಗುಡಿಯೊಳಗೆ ದೇವಿ ಮಹಿಷನನ್ನು ಮರ್ದಿಸುತ್ತಿದ್ದಾಳೆ. ಹೊರಗಿನ ಮಹಿಷನ ಎದೆಯಲ್ಲಿ ತ್ರಿಶೂಲವಿಲ್ಲ. ಖಡ್ಗ ಎತ್ತಿಕೊಂಡು ನಿಂತೇ ಇದ್ದಾನೆ.